ಕುರುಗೋಡಿನ ಕಟ್ಟು

ನನ್ನ ಟ್ರಂಕಿನಾಗ ಒಂಬತ್ತು ಶಾಲು ಅದಾವ. ಒಂದೂ ಹೊದ್ಕಳ್ಳಾಕ ಬರಂಗಿಲ್ಲ. ಎಲ್ಲಾ ಪಾಲಿಸ್ಟರು, ಬಳ್ಳಾರಿ ಬಿಸಿಲಾಗ ಹೊದ್ಕಂಡ್ರ ಹೆಣಕ್ಕೂ ಬೆವರು ಬರ್ತೈತಿ. ಒಂಬತ್ತೂ ಭೂಕಂಪದ ಶಾಲು. ಭೂಕಂಪ ಆಗಿದ್ದು ಉತ್ತರದ ಗುಡ್ಡಗಾಡಿನಾಗ, ಬಿದ್ದ ಮನಿ ಅಲ್ಲಿಯವರದು, ಸತ್ತವರು ಅಲ್ಲಿಯವರು. ಶಾಲು ಮಾತ್ರ ನಮಗ.

ನಾ ಸುಮಂಗಲಾ. ಗಾಂಧಿನಗರದ ಒಂದು ಖಾಸಗಿ ದವಾಖಾನಿಯಾಗ, ಕ್ಯಾಶುವಾಲ್ಟಿಯಾಗ, ಇಪ್ಪತ್ತೆರಡು ವರ್ಷದಿಂದ ಸಿಸ್ಟರ್ ಅದೀನಿ. ಲಾರಿಗಿ ಸಿಕ್ಕವರು, ಹಾವು ಕಡಿಸಿಕಂಡವರು, ಗದ್ದಿಗಿ ಹೊಡಿಯೋ ಔಷಧಿ ಕುಡದವರು, ಎಲ್ಲಾ ಮೊದಲು ನನ್ನ ಕೈಗೇ ಬರೋದು. ಸಾಯಾಕತ್ತ ಮಾವನ ಮುಂದ ನಿಂತು ಮೊಬೈಲಿನಾಗ ವಿಡಿಯೋ ಹಿಡಿಯೋ ಅಳಿಯನ್ನ ನೋಡೀನಿ. ಅತ್ತಿ ಉಸಿರು ನಿಂತೈತೋ ಇಲ್ಲೋ ಅಂತ ಮೂರು ಮೂರು ಸಲ ಬಂದು ಕೇಳಿದ ಸೊಸಿನ್ನ ನೋಡೀನಿ. ಇಷ್ಟು ನೋಡಿದ ಮ್ಯಾಲ ಮನುಷ್ಯರ ಬಗ್ಗಿ ನನಗ ಮರ್ಯಾದಿ ಉಳಿದಿರಲಿಲ್ಲ, ಅದನ್ನ ಹೇಳಾಕ ನಾಚಿಕಿನೂ ಇರಲಿಲ್ಲ. ಒಂದು ಥರಾ ಹೆಮ್ಮಿನೇ ಇತ್ತು ಅನ್ರಿ.

ಎಲ್ಲಾರಿಗಿಂತ ಕಡಿಮಿ ಮರ್ಯಾದಿ ಇದ್ದದ್ದು ಹಂಪೇಶನ ಮ್ಯಾಲ. ಹಂಪೇಶ್ ಅಂದ್ರ ನಮ್ಮ ದವಾಖಾನಿ ನಡೆಸೋ ಟ್ರಸ್ಟಿನ ಕಾರ್ಯದರ್ಶಿ. ಜ್ವರದ ಕಡ್ಡಿ ಯಾವ ಕಡಿಂದ ಬಾಯಾಗ ಇಡ್ತಾರ ಅಂತ ಗೊತ್ತಿಲ್ಲ, ಆದ್ರ ಆರೋಗ್ಯದ ಮ್ಯಾಲ ಮುಕ್ಕಾಲು ತಾಸು ಭಾಷಣ ಮಾಡ್ತಾನ. ಭೂಕಂಪದ ಸುದ್ದಿ ಬಂದ ಎರಡನೇ ದಿನಾನೇ ಬಳ್ಳಾರಿಯಿಂದ ಒಂದು ತಂಡ ಹೋಗಬೇಕು ಅಂತ ಎದ್ದು ನಿಂತ. ಔಷಧಿ ಪೆಟ್ಟಿಗಿ ಕಟ್ಟೋಕಿಂತ ಮೊದಲು ಜಾಕೀಟು ಬಂದ್ವು. ಕಿತ್ತಳಿ ಬಣ್ಣ, ಬೆನ್ನಿನ ಮ್ಯಾಲ ಟ್ರಸ್ಟಿನ ಹೆಸರು, ಅದರ ಕೆಳಗ ಇನ್ನೂ ದಪ್ಪ ಅಕ್ಷರದಾಗ ಅವನ ಹೆಸರು. ಅದನ್ನ ಹಾಕ್ಕಂಡು ಸಲೈನ್ ಬಾಟ್ಲಿ ಹೊತ್ತವರು ನಾವು.

ನಾವು ಅಂದ್ರ ಆರು ಮಂದಿ, ಅದರಾಗ ಸಿಸ್ಟರ್ ಇಬ್ರೇ, ನಾನು ಮತ್ತ ಮೇಘಾ. ಮೇಘಾ ಮೋಕಾ ಅನ್ನೋ ಊರಿನ ಹುಡುಗಿ, ಕೆಲಸಕ್ಕ ಸೇರಿ ಎರಡು ವರ್ಷ ಆಗಿತ್ತು. ಅಳುಬುರುಕಿ. ಕೂಸಿಗಿ ಸೂಜಿ ಹಾಕಿದ್ರ ಕೂಸಿನ ಜೋಡಿ ತಾನೂ ಕಣ್ಣೊರಸ್ಕಳ್ಳೋಕಿ. ಇಂಥಾಕಿನ್ನ ಯಾಕ ಕರಕಂಡು ಬಂದ್ರಪಾ, ಗಾಯ ಆದವರನ್ನ ನೋಡೋದೋ ಈಕಿನ್ನ ನೋಡೋದೋ ಅಂತ ದಾರಿಯುದ್ದಕ್ಕೂ ಬೈಕಂಡೆ. ಬಂದ ಡಾಕ್ಟರಂತೂ ಗುಡ್ಡದ ತಿರುವಿನಾಗ ವಾಂತಿ ಮಾಡ್ಕಂಡು ಟೆಂಟು ಸೇರಿದ, ಆಮ್ಯಾಲ ಹೊರಗ ಬಂದದ್ದು ಫೋಟೋಕ್ಕ ಮಾತ್ರ.

ಅಲ್ಲಿ ನೋಡಿದ್ದೆಲ್ಲಾ ಹೇಳಂಗಿಲ್ಲ. ಒಂದು ಸಾಲಿಯ ಹಿತ್ತಲಾಗ ಕೂತು ನಾನು ಮೇಘಾ ಎರಡು ದಿನ ಗಾಯ ತೊಳದ್ವಿ, ಹೊಲಿಗಿ ಹಾಕಿದ್ವಿ, ಮುರದ ಕೈಗಿ ಬಿದಿರು ಪಟ್ಟಿ ಕಟ್ಟಿದ್ವಿ. ನೀರಿಲ್ಲದ ಕಡಿ ಕೈ ಹೆಂಗ ತೊಳ್ಕಬೇಕು, ಒಂದು ಬಾಟ್ಲಿ ಸಲೈನು ಮೂರು ಮಂದಿಗಿ ಹೆಂಗ ಕಾದಿಡಬೇಕು ಅಂತ ಕಲತ್ವಿ. ಅಲ್ಲಿದ್ದ ಮಿಲಿಟರಿ ಡಾಕ್ಟರಮ್ಮ ಒಬ್ಬಾಕಿ ನಮಗ ಒಂದು ಮಾತು ಕಲಿಸಿದ್ಲು. ಪುಸ್ತಕದಾಗ ಓದಿ ಮರತ ಮಾತು ಅದು. ಭಾರದ ಕೆಳಗ ತಾಸುಗಟ್ಟಲೆ ಸಿಕ್ಕವನ ಕಾಲಿನ ಮಾಂಸ ಒಳಗೊಳಗೇ ಸಾಯ್ತಿರ್ತೈತಿ, ಅದರ ವಿಷ ಆ ಭಾರದಿಂದಾನೇ ಅಲ್ಲಿ ತಡದು ನಿಂತಿರ್ತೈತಿ. ಭಾರ ಎತ್ತಿದ್ರ ಕಾಲುವಿ ತೂಬು ತಗದಂಗ ಎಲ್ಲಾ ಒಮ್ಮಿಗೇ ಎದಿಗಿ ನುಗ್ತೈತಿ, ಎದಿ ನಿಲ್ತೈತಿ. ಅದಕ್ಕ ಮೊದಲು ಸಲೈನ್ ಹಚ್ಚಿ, ಅದು ಮೈಗಿ ಇಳಿಯಾಕ ಬಿಟ್ಟು, ಆಮ್ಯಾಲ ಭಾರ ಎತ್ತಬೇಕು. "ಮಾತಾಡಾಕತ್ತಾನ ಅಂತ ಮೋಸ ಹೋಗಬ್ಯಾಡ್ರಿ" ಅಂತ ಆಕಿ ಹಿಂದಿಯಾಗ ಎರಡು ಸಲ ಹೇಳಿದ್ಲು.

ಮೂರನೇ ದಿನ ಮುಂಜಾನಿ ಒಬ್ಬ ಸಿಕ್ಕ. ಚಾ ಅಂಗಡಿ ಇಟ್ಟಾವ. ಹಿಂದಿನ ದಿನ ಸಾಮಾನು ತಗಿಯಾಕ ಅಂಗಡಿ ಒಳಗ ಹೊಕ್ಕಾನ, ಭೂಮಿ ಮತ್ತೊಮ್ಮಿ ನಡುಗಿ ತೊಲಿ ತೊಡಿ ಮ್ಯಾಲ ಬಿದ್ದೈತಿ. ಹದಿನಾಲ್ಕು ತಾಸು ಆಗಿತ್ತು. ಅವನ ಭಾಷಿ ನಮಗ ಬರಂಗಿಲ್ಲ, ಆದ್ರ ಬೀಡಿ ಕೇಳಾಕತ್ತಾನ ಅಂತ ತಿಳೀತು, ನಗಾಕತ್ತಾನ ಅಂತ ತಿಳೀತು. ನಾ ಅವನ ತಲಿ ಹಿಡಕಂಡು ಕೂತೆ. ಮೇಘಾ ಮಂಡಿ ಊರಿ ಅವನ ಕೈ ತಿಕ್ಕಾಕತ್ತಿದ್ಲು.

"ಅಕ್ಕಾ, ನರ ಸಿಗವಲ್ದು. ಚಳಿಗಿ ಸೆಟದೈತಿ. ಹತ್ತು ನಿಮಿಷ ಬೇಕು" ಅಂದ್ಲು.

ಅಷ್ಟರಾಗ ಹಂಪೇಶ ಟಿವಿಯವರನ್ನ ಕರಕಂಡು ಬಂದ. ಮೂರು ದಿನದಾಗ ಮೊದಲನೇ ಸಲ ಅವನ ಜಾಕೀಟಿಗಿ ಧೂಳು ಹತ್ತಿತ್ತು, ಅದನ್ನ ಝಾಡಿಸಿಕಂಡ. "ಟಿವಿಯವರು ಮುಂದಿನ ಊರಿಗಿ ಹೊಂಟಾರ. ಎಳೀರಿ ಲಗೂನ" ಅಂದ.

"ಸರ್, ಮೊದಲು ಸಲೈನ್ ಹೋಗಬೇಕು" ಅಂದೆ ನಾ.

"ನೀವು ಡಾಕ್ಟರೇನು" ಅಂದ.

ನಾ ಬಾಯಿ ಮುಚ್ಕಂಡೆ. ಕೆಸರಿಗಿ ಕಲ್ಲು ಒಗದ್ರ ನಮ್ಮ ಮುಖಕ್ಕೇ ಸಿಡಿತೈತಿ, ಇಂಥವನ ಜೋಡಿ ಏನು ವಾದ ಅಂದ್ಕಂಡೆ. ನನ್ನ ಇಪ್ಪತ್ತೆರಡು ವರ್ಷದ ಚಾಳಿ ಅದು. ದಡ್ಡರ ಜೋಡಿ ಮಾತಾಡಂಗಿಲ್ಲ, ಒಳಗ ಬೈಕಂತ ಸುಮ್ಕಿರ್ತೀನಿ, ಅದನ್ನೇ ದೊಡ್ಡ ಶಾಣ್ಯಾತನ ಅಂತ ತಿಳ್ಕಂಡಿದ್ದೆ. ಮೇಘಾ ಮಾತ್ರ "ಬ್ಯಾಡ್ರಿ ಸರ್, ಬ್ಯಾಡ್ರಿ" ಅಂತ ಅವನ ಕಾಲು ಹಿಡಿಯೋದೊಂದು ಬಾಕಿ. ಆಕಿ ಕಣ್ಣಾಗ ಆಗಲೇ ನೀರು. ಅಳೋಕಿ ಮಾತು ಯಾರು ಕೇಳ್ತಾರ.

ತೊಲಿ ಎತ್ತಿ ಅವನ್ನ ಸ್ಟ್ರೆಚರಿಗಿ ಹಾಕಾಕ ಏಳು ನಿಮಿಷ ಹಿಡೀತು. ಅವ ಕ್ಯಾಮರಾಕ್ಕ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಜೀಪು ಎರಡನೇ ತಿರುವು ದಾಟೋದ್ರಾಗ ಸತ್ತ. ಮೇಘಾ ಅವನ ಎದಿ ಒತ್ತತಾ ಒತ್ತತಾ ಅಳಾಕತ್ತಿದ್ಲು, ನಾ ಆಕಿಗಿ "ಮೊದಲು ಎಣಿಸೋದು ಸರಿಯಾಗಿ ಎಣಿಸು" ಅಂತ ಗದರಿದೆ. ಆಕಿ ಸರಿಯಾಗೇ ಎಣಿಸಾಕತ್ತಿದ್ಲು.

ಹಂಪೇಶನ ವರದಿಯಾಗ "ಸುರಕ್ಷಿತವಾಗಿ ಹೊರತೆಗೆದು ಸಾಗಿಸಲಾಯಿತು" ಅಂತ ಐತಿ. ಸುಳ್ಳಲ್ಲ, ಸಾಗಿಸಿದ್ವಿ. ಎಲ್ಲಿಗಿ ಅಂತ ಬರದಿಲ್ಲ, ಅಷ್ಟೇ.

ಬಳ್ಳಾರಿಗಿ ಬಂದ ಮ್ಯಾಲ ಶಾಲಿನ ಕಾಲ ಶುರು ಆತು. ಅವರ ಸಂಘ, ಇವರ ಸಂಘ, ಒಂದು ಸಾಲಿಯ ವಾರ್ಷಿಕೋತ್ಸವ, ಒಂದು ಸೀರಿ ಅಂಗಡಿಯ ಉದ್ಘಾಟನಿ. ಸೀರಿ ಅಂಗಡಿಗೂ ಭೂಕಂಪಕ್ಕೂ ಏನು ಸಂಬಂಧ ಅಂತ ಕೇಳಬ್ಯಾಡ್ರಿ. ಎಲ್ಲಾ ಕಡಿ ಹಿಂದ ಒಂದೇ ಬ್ಯಾನರು, "ಏಳೇ ನಿಮಿಷದಲ್ಲಿ ಜೀವದಾನ". ಆ ಚಾ ಅಂಗಡ್ಯಾತ ನಮಸ್ಕಾರ ಮಾಡೋ ಫೋಟೋ. ನಾ ಅದರ ಮುಂದ ನಿಂತು ತಲಿ ಬಗ್ಗಿಸಿ ಶಾಲು ಹಾಕಿಸ್ಕಂತಿದ್ದೆ. ಒಳಗ ಹಂಪೇಶನ್ನ ಬೈತಿದ್ದೆ, ಚಪ್ಪಾಳಿ ತಟ್ಟೋರನ್ನ ಬೈತಿದ್ದೆ, ಕುರಿಗಳು ಅಂತಿದ್ದೆ. ಮನಿಗಿ ಬಂದು ಶಾಲು ಮಡಿಚಿ ಇಡ್ತಿದ್ದೆ. ಮೇಘಾ ಒಂದು ಸಲ ಬಂದ್ಲು, ಶಾಲು ಹಾಕಾಕ ಬಂದವರಿಗಿ ಕೈ ಮುಗದು ವೇದಿಕಿಯಿಂದ ಇಳದು ಹೋದ್ಲು. ಆಮ್ಯಾಲ ಆಕಿನ್ನ ಕರಿಯೋದು ಬಿಟ್ರು.

ಇಷ್ಟಕ್ಕೇ ಮುಗದಿದ್ರ ಈ ಕಥಿ ಹೇಳ್ತಿರಲಿಲ್ಲ. ಹಂಪೇಶಗ ಊರೂರಿಗಿ ತರಬೇತಿ ಕೊಡೋ ಹುಚ್ಚು ಹಿಡೀತು. ಮೊದಲು ಸಿರುಗುಪ್ಪ, ಆಮ್ಯಾಲ ಕುರುಗೋಡು. ಹಂಚಾಕ ಅಂತ ಒಂದು ಕಾರ್ಡು ಅಚ್ಚು ಹಾಕಿಸಿದ. ಅಂಗೈಯಗಲದ ದಪ್ಪ ಕಾರ್ಡು, ಮ್ಯಾಲ ಪ್ಲಾಸ್ಟಿಕ್ಕಿನ ಮಿಂಚು. "ಭಾರದಡಿ ಸಿಕ್ಕವರಿಗೆ ಏಳು ನಿಮಿಷದ ಜೀವದಾನ" ಅಂತ ತಲಿಬರಹ. ಕೆಳಗ ಮೂರೇ ಸಾಲು. ಕ್ಷಣವೂ ತಡ ಮಾಡದೆ ಭಾರ ಎತ್ತಿ ಹೊರಗೆಳೆಯಿರಿ. ಸೂಜಿ, ಸಲೈನ್ ಎಂದು ಸ್ಥಳದಲ್ಲಿ ಸಮಯ ಕಳೆಯಬೇಡಿ. ನಮ್ಮ ಆಸ್ಪತ್ರೆಗೆ ತನ್ನಿ. ಎರಡನೇ ಸಾಲು ಅವ ಬರದದ್ದು ಮೇಘಾಗ ಉತ್ತರ ಅಂತ ನನಗ ಗೊತ್ತಿತ್ತು. ತಾ ಮಾಡಿದ್ದೇ ಸರಿ ಅಂತ ಅಚ್ಚಿನಾಗ ನೋಡಬೇಕಿತ್ತು ಅವಂಗ. ಮೂಲಿಯಾಗ ನನ್ನ ಫೋಟೋ ಬ್ಯಾರೆ, ಶಾಲು ಹೊದ್ದ ಫೋಟೋ, ಕೆಳಗ ಹಿರಿಯ ಶುಶ್ರೂಷಕಿ ಅಂತ.

ನಾ ನೋಡಿದೆ, ನಕ್ಕೆ, ಟೇಬಲ್ ಮ್ಯಾಲ ಒಗದೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗಿ ಆಫೀಸಿನ ಕೋಣಿಗಿ ಹೋದ್ರ ಮೇಘಾ ನೆಲದ ಮ್ಯಾಲ ಚಕ್ಕಳಬಕ್ಕಳ ಹಾಕ್ಕಂಡು ಕೂತಾಳ. ಮುಂದ ಎರಡು ಕಟ್ಟು ಕಾರ್ಡು, ಒಂದರ ಮ್ಯಾಲ ಸಿರುಗುಪ್ಪ ಅಂತ ಚೀಟಿ, ಇನ್ನೊಂದರ ಮ್ಯಾಲ ಕುರುಗೋಡು. ದವಾಖಾನಿಯಾಗ ಬಾಟ್ಲಿ ಮ್ಯಾಲ ಬರಿಯೋ ದಪ್ಪ ಪೆನ್ನು ಕೈಯಾಗ. ಒಂದೊಂದೇ ಕಾರ್ಡು ತಗಂಡು ಎರಡನೇ ಸಾಲಿಗಿ ಗೆರಿ ಹೊಡದು, ಮಗ್ಗಲಿಗಿ ಸಣ್ಣಗ ಬರಿಯಾಕತ್ತಿದ್ಲು. "ತಾಸಿಗಿಂತ ಹೆಚ್ಚು ಹೊತ್ತು ಸಿಕ್ಕಿದ್ದರೆ ಮೊದಲು ಸಲೈನ್, ಆಮೇಲೆ ಭಾರ ಎತ್ತಿ." ಸಿರುಗುಪ್ಪದ ಕಟ್ಟು ಮುಗದಿತ್ತು. ಕುರುಗೋಡಿನ ಕಟ್ಟಿನ ದಾರ ಬಿಚ್ಚಾಕತ್ತಿದ್ಲು.

"ಏನಲೇ ಇದು" ಅಂದೆ.

"ತಪ್ಪೈತಲ್ಲಕ್ಕಾ. ನಿಮಗೂ ಗೊತ್ತೈತಿ."

"ಹಂಪೇಶ ನೋಡಿದ್ರ ಕೆಲಸದಿಂದ ಕಿತ್ತು ಒಗೀತಾನ. ಊಟ ಬಿಟ್ಟು ಇದನ್ನ ಮಾಡಾಕತ್ತೀಯಲ್ಲ, ನಿನ್ನ ತಲಿಯಾಗ ಏನೈತಿ? ಯಾರು ಓದ್ತಾರ ಇವನ್ನ? ನಮ್ಮ ಮಂದಿ ಔಷಧಿ ಚೀಟಿನೇ ಓದಂಗಿಲ್ಲ. ನಾಳಿ ಇವು ಮಿರ್ಚಿ ಬಜಿ ಹಿಡಿಯಾಕ ಹೋಗ್ತಾವ ನೋಡು."

"ಯಾರಾರ ಒಬ್ರು ಓದಿದ್ರ?"

"ಓದಿದ ದಿನ ಬಂದು ನನಗ ಹೇಳು" ಅಂದೆ. ಬಗ್ಗಿ ಆಕಿ ಕೈಯಾಗಿನ ಪೆನ್ನು ಕಸಕಂಡೆ. ಕುರುಗೋಡಿನ ಕಟ್ಟಿಗಿ ನಾನೇ ದಾರ ಸುತ್ತಿ, ಗಂಟು ಹಾಕಿ, ಕಪಾಟಿನಾಗ ಇಟ್ಟು ಬೀಗ ಹಾಕಿದೆ. ಆಕಿ ಅತ್ಲು. ಅಳಲಿ ಬಿಡು, ಆಕಿಗಿ ಅದೇ ಕೆಲಸ ಅಂದ್ಕಂಡೆ. ಆ ಪೆನ್ನು ಇವತ್ತಿಗೂ ನನ್ನ ಏಪ್ರನ್ನಿನ ಜೇಬಿನಾಗ ಐತಿ.

ಸಿರುಗುಪ್ಪದ ತರಬೇತಿ ಒಂದು ದೊಡ್ಡ ತಮಾಷಿ. ಭೂಕಂಪ ಹೆಂಗಿರ್ತೈತಿ ಅಂತ ತೋರಸಾಕ ಹಂಪೇಶ ಎರಡೂ ಕೈಲೆ ಟೇಬಲ್ ಅಲ್ಲಾಡಿಸಿದ. ಮೈಕು ಕೆಳಗ ಬಿತ್ತು. ಅವತ್ತಿನ ಭೂಕಂಪದಾಗ ಆದ ಹಾನಿ ಅಷ್ಟೇ. ಬಂದವರು ಉಪ್ಪಿಟ್ಟು ತಿಂದ್ರು, ಕಾರ್ಡು ತಗಂಡ್ರು, ಹೋದ್ರು. ಮೇಘಾ ತಿದ್ದಿದ್ದು ಹಂಪೇಶನ ಕಣ್ಣಿಗೇ ಬೀಳಲಿಲ್ಲ. ನಾ ಅಲ್ಲಿಂದ ಹಂಗೇ ದೇಶನೂರಿಗಿ ಹೋದೆ, ನನ್ನ ತವರುಮನಿ ಅದು. ನಮ್ಮಪ್ಪ ಸುಂಕಣ್ಣ ಬದುಕಿದ್ದಾಗ ಭತ್ತದ ಗದ್ದಿಯಾಗ ಕೂಲಿ ಮಾಡಾಂವ. ಅಕ್ಷರ ಗೊತ್ತಿರಲಿಲ್ಲ, ಆದ್ರ ಅಕ್ಷರ ಇದ್ದ ಕಾಗದ ಕಾಲಿಗಿ ತಾಕಿದ್ರ ಎತ್ತಿ ಕಣ್ಣಿಗಿ ಒತ್ಕಂತಿದ್ದ. "ಓದಾಕ ಬಂದವರು ಬರದಿರ್ತಾರ, ಸುಮ್ಕ ಬರದಿರಂಗಿಲ್ಲ" ಅಂತಿದ್ದ. ನಾ ಸಣ್ಣಾಕಿ ಇದ್ದಾಗಿಂದ ಅವಂಗ ಗೊಬ್ಬರದ ಚೀಲದ ಮ್ಯಾಲಿನ ಅಕ್ಷರಾನೂ ಓದಿ ಹೇಳಬೇಕಿತ್ತು. ಅವನ ಮಗಳು ನಾ.

ಸಂಜಿಮುಂದ ಸಿರುಗುಪ್ಪಕ್ಕ ವಾಪಸ್ ಬಂದು ಬಳ್ಳಾರಿ ಬಸ್ಸಿಗಿ ನಿಂತಾಗ ಬಜಿ ಬಂಡಿಯಾಕಿ ನನಗ ಎರಡು ಮಿರ್ಚಿ ಕೊಟ್ಲು. ಅವು ಕೂತದ್ದು ನಮ್ಮ ಕಾರ್ಡಿನ ಮ್ಯಾಲ. ಮೇಘಾ ತಿದ್ದಿದ ಸಾಲಿನ ಮ್ಯಾಲ ಎಣ್ಣಿ ಇಳದಿತ್ತು. ನನಗ ಎಷ್ಟು ಖುಷಿ ಆತು ಅಂದ್ರ, ಆ ಕಾರ್ಡು ಒರಸಿ ಪರ್ಸಿನಾಗ ಇಟ್ಕಂಡು ಬಂದು ಮರುದಿನ ಮೇಘಾನ ಮುಂದ ಹಿಡದೆ. "ತಗ, ಓದ್ಯಾರ ನೋಡು" ಅಂದೆ. ಆಕಿ ಕಾರ್ಡು ತಗಂಡು ಜೇಬಿಗಿ ಹಾಕ್ಕಂಡ್ಲು. ಗೆದ್ದವರಂಗ ಚಾ ಕುಡಿಯಾಕ ಹೋದೆ ನಾ.

ಮುಂದಿನ ವಾರ ಕುರುಗೋಡು. ಬಿಸಿಲು ಅಂದ್ರ ಬಿಸಿಲು, ಗುಡ್ಡದ ಬಂಡೆಗಲ್ಲುಗಳೆಲ್ಲಾ ಕಾದು ಝಳ ಹೊಡಿಯಾಕತ್ತಿದ್ವು. ಹಂಪೇಶ ಟೇಬಲ್ ಅಲ್ಲಾಡಿಸಿದ. ನಾ ನನ್ನ ಪಾಠ ಒಪ್ಪಿಸಿದೆ, ಕಾರ್ಡು ಹಂಚಿದೆ. ಹಿಂದಿನ ಸಾಲಿನಾಗ ಕಲ್ಲಿನ ಕೆಲಸದವರು ಹತ್ತು ಹನ್ನೆರಡು ಮಂದಿ ನೆಲದ ಮ್ಯಾಲ ಕೂತಿದ್ರು, ಖುರ್ಚಿ ಖಾಲಿ ಇದ್ರೂ. ಮೈಯೆಲ್ಲಾ ಕಲ್ಲಿನ ಪುಡಿ. ಅವರಾಗ ಒಬ್ಬ ಎದ್ದು ನಿಂತ. ನಲವತ್ತು ವರ್ಷದಾವ ಇರಬೇಕು, ತಲಿಗಿ ಟವಲ್ಲು. ದುರುಗಪ್ಪ ಅಂತ ಹೆಸರು ಹೇಳಿ, ಕೈ ಕಟ್ಕಂಡು ಕೇಳಿದ.

"ಅಕ್ಕಾರ, ಕಲ್ಲು ಮೈಮ್ಯಾಲ ಬಿದ್ದು ಭಾಳ ಹೊತ್ತು ಆಗಿದ್ರೂ ಹಿಂಗ ಮಾಡಬೇಕ್ರ್ಯಾ? ಇಲ್ಲಾ ಅದಕ್ಕ ಬ್ಯಾರೆ ಐತ್ರ್ಯಾ? ನಮ್ಮಲ್ಲಿ ಕ್ರೇನು ಬರಾಕ ಮೂರು ನಾಕು ತಾಸು ಆಗ್ತೈತ್ರಿ."

ಒಂಬತ್ತು ಸನ್ಮಾನದಾಗ, ಎರಡು ತರಬೇತಿಯಾಗ ಯಾರೂ ಕೇಳದ ಪ್ರಶ್ನಿ ಅದು. ಕೇಳಬೇಕಾದ ಪ್ರಶ್ನಿ ಅದೊಂದೇ. ಹಂಪೇಶ ನನ್ನ ಕಡಿ ನೋಡಿ ಗಡಿಯಾರ ನೋಡ್ಕಂಡ. ನನಗೂ ಹಸಿವಾಗಿತ್ತು. ಹೇಳಿದ್ರ ಇವರಿಗಿ ಏನು ತಿಳಿತೈತಿ, ಹೇಳಿದ ಮ್ಯಾಲ ಇವನ ಜೋಡಿ ಯಾರು ಜಗಳಾಡಬೇಕು ಅಂದ್ಕಂಡೆ.

"ಕಾರ್ಡಿನಾಗ ಎಲ್ಲಾ ಐತಿ. ಓದ್ಕಳ್ರಿ" ಅಂದೆ.

"ಆತ್ರಿ ಅಕ್ಕಾರ" ಅಂದು ಕೂತ. ಕಾರ್ಡು ತಿರುಗುಮುರುಗು ಹಿಡಕಂಡು ನೋಡಾಕತ್ತಿದ್ದ. ಓದಾಕ ಬರಂಗಿಲ್ಲ ಅಂತ ನನಗ ಅಲ್ಲಿಂದಲೇ ಕಾಣ್ತಿತ್ತು.

ಇದಾಗಿ ಐದು ತಿಂಗಳಿಗಿ, ಒಂದು ಗುರುವಾರ, ಮಧ್ಯಾಹ್ನ ಎರಡು ಗಂಟಿ ಹೊತ್ತಿಗಿ ಕುರುಗೋಡಿನ ಕಡಿಂದ ಒಂದು ಆಂಬುಲೆನ್ಸು ಬಂತು. ಕ್ಯಾಶುವಾಲ್ಟಿಯಾಗ ನಾನೂ ಮೇಘಾನೂ ಇದ್ವಿ. ಬಾಗಿಲು ತಗದ್ರ ಸ್ಟ್ರೆಚರಿನ ಮ್ಯಾಲ ಒಬ್ಬ, ಎರಡೂ ತೊಡಿ ಬಾತು ಬಿಗದಿದ್ವು, ರಕ್ತ ಅಂತ ಏನೂ ಇಲ್ಲ. ಕೈಗಿ ಸೂಜಿ ಇಲ್ಲ, ಬಾಟ್ಲಿ ಇಲ್ಲ. ನನ್ನ ನೋಡಿ ನಕ್ಕ.

"ಅಕ್ಕಾರ, ಗುರುತು ಸಿಕ್ತ್ರ್ಯಾ? ನಾ ದುರುಗಪ್ಪ. ಅವತ್ತು ಪ್ರಶ್ನಿ ಕೇಳಿದ್ನೆಲ್ರಿ."

ಅವನ ಜೋಡಿ ಬಂದಾವ ಗಾದೆಪ್ಪ, ಅವರ ಮೇಸ್ತ್ರಿ. ಐವತ್ತರ ಮ್ಯಾಲಿನ ಗಟ್ಟಿ ಆಳು, ಮುಖದ ತುಂಬ ಬೆವರು, ಬೆವರಿನ ಕೆಳಗ ಸಂತೋಷ. "ನಾಕು ತಾಸು ಸಿಕ್ಕಂಡಿದ್ದ ಅಕ್ಕಾರ. ಗ್ರಾನೈಟ್ ಹಲಗಿ ವಾಲಿ ಬಿದ್ದು ಎರಡೂ ಕಾಲು ಒಳಗ. ಕ್ರೇನು ಬಂದ ಕೂಡ್ಲೇ ಎತ್ತಿ ಎಳದ್ವಿ. ಏಳು ನಿಮಿಷ. ನಾ ಗಡಿಯಾರ ನೋಡೀನ್ರಿ."

"ಆಂಬುಲೆನ್ಸಿನವರು ಸಲೈನ್ ಹಚ್ಚಲಿಲ್ಲೇನು?" ಅಂತ ಕೇಳಿದೆ.

"ಕ್ರೇನಿನ ಜೋಡಿನೇ ಬಂದ್ರರೀ ಅವರು. ಬಂದಾಕಿ ಸಣ್ಣ ಸಿಸ್ಟರ್. 'ತಡೀರಿ, ಮೊದಲು ಸಲೈನ್, ಹತ್ತು ನಿಮಿಷ' ಅಂದ್ಲು. ನಾ ನಿಮ್ಮ ಕಾರ್ಡು ತೋರಿಸಿದೆ. 'ನಿನಗಿಂತ ದೊಡ್ಡ ಸಿಸ್ಟರ್ ಹೇಳ್ಯಾರ, ಸೂಜಿ ಅಂತ ಟೈಮ್ ಕಳೀಬ್ಯಾಡ ಅಂತ ಅಚ್ಚು ಹಾಕ್ಯಾರ, ನೋಡವ್ವಾ' ಅಂದೆ. ನಿಮ್ಮ ಫೋಟೋ ನೋಡಿ ಹಿಂದ ಸರದ್ಲು. ದಾರಿಯಾಗ ಮತ್ತ ಸೂಜಿ ಹಿಡಕಂಡು ಬಂದ್ಲು, ನಾನೇ ಬ್ಯಾಡಂದೆ, ನೆಟ್ಟಗ ನಿಮ್ಮಲ್ಲಿಗೇ ಬಂದ್ವಿ."

ನಾ ಮೇಘಾನ ಕಡಿ ನೋಡಾಕ ಆಗಲಿಲ್ಲ. ನೋಡಬೇಕಾಗೂ ಇರಲಿಲ್ಲ. ನಾ ಬಾಯಿ ತಗಿಯೋದ್ರೊಳಗ ಆಕಿ ಅವನ ಒಂದು ಕೈಗಿ ಸೂಜಿ ಹಾಕಿ ಸಲೈನ್ ಬಿಟ್ಟಿದ್ಲು, ಎದಿಗಿ ಮಾನಿಟರಿನ ತಂತಿ ಹಚ್ಚಿದ್ಲು, ಕ್ಯಾಲ್ಸಿಯಂ ಸಿರಿಂಜಿಗಿ ಎಳೀತಿದ್ಲು. ನಾ ಇನ್ನೊಂದು ಕೈ ಹಿಡದೆ. ಡ್ಯೂಟಿ ಡಾಕ್ಟರು ಓಡಿ ಬಂದ್ರು, ಡಯಾಲಿಸಿಸ್ಸಿಗಿ ಫೋನ್ ಹಚ್ಚಿದ್ರು.

"ಕಾಲು ಜೋಮು ಹಿಡದಾವ್ರಿ, ಅಷ್ಟೇ" ಅಂದ ದುರುಗಪ್ಪ. "ಅಕ್ಕಾರ, ಮನಿಯಾಕಿಗಿ ಹೇಳ್ರಿ, ಏನೂ ಆಗಿಲ್ಲ ಅಂತ. ಗಿಡ್ಡಮ್ಮ ಅಂತ ಆಕಿ ಹೆಸರು. ಸುಮ್ಕ ಗಾಬರಿ ಬೀಳ್ತಾಳ."

"ಹೇಳ್ತೀನಿ" ಅಂದೆ.

ಮಾನಿಟರಿನ ಗೆರಿ ಅಗಲ ಆಗಾಕ ಶುರು ಆತು. ಚೂಪನೆ ಏಳಬೇಕಾದ ಗೆರಿ ಸೋಮಾರಿ ಥರಾ ಎದ್ದು ಎದ್ದು ಬೀಳಾಕತ್ತಿತು. ಕ್ಯಾಲ್ಸಿಯಂ ಕೊಟ್ವಿ, ಇನ್ಸುಲಿನ್ ಕೊಟ್ವಿ, ಇದ್ದದ್ದೆಲ್ಲಾ ಕೊಟ್ವಿ. ಅವ ನನ್ನ ಕೈ ಹಿಡಕಂಡಿದ್ದ, ಆ ಹಿಡಿತ ಸಡಿಲ ಆದದ್ದು ಗೊತ್ತಾತು. ಎದಿ ಒತ್ತಾಕ ನಿಂತೆ. ನಾನೊಮ್ಮಿ, ಮೇಘಾ ಒಮ್ಮಿ. ನಲವತ್ತೈದು ನಿಮಿಷ. ಎಣಿಕಿ ತಪ್ಪಿದ್ದು ನಂದು, ಆಕಿದಲ್ಲ. ಕಡೀಕ ಡಾಕ್ಟರು ನನ್ನ ಭುಜ ಮುಟ್ಟಿ ಸಾಕು ಅಂದ್ರು.

ಮೇಘಾ ಅಳಲಿಲ್ಲ. ದುರುಗಪ್ಪನ ಕಣ್ಣು ಮುಚ್ಚಿಸಿ, ತಲಿಯಿಂದ ಜಾರಿದ ಟವಲ್ಲು ಮಡಿಚಿ ಅವನ ಮಗ್ಗಲಿಗಿ ಇಟ್ಲು. 'ಓದಿದ ದಿನ ಬಂದು ಹೇಳು' ಅಂದಿದ್ನೆಲ್ಲ, ಆ ಮಾತು ಆಕಿ ಎತ್ತಿ ನನ್ನ ಮುಖಕ್ಕ ಒಗದಿದ್ರ ಛಲೋ ಇತ್ತು. ಎತ್ತಲಿಲ್ಲ. ಕೈ ತೊಳಕಂಡು ಗಿಡ್ಡಮ್ಮಗ ಫೋನ್ ಮಾಡಾಕ ಹೋದ್ಲು. ಆ ಫೋನ್ ಮಾಡಬೇಕಾದಾಕಿ ನಾನು.

ಹೊರಗ ಬೆಂಚಿನ ಮ್ಯಾಲ ಗಾದೆಪ್ಪ ಕೂತಿದ್ದ. ಡಾಕ್ಟರು ಹೇಳಿ ಹೋಗಿದ್ರು, ಮುಖದ ಮ್ಯಾಲ ಈಗ ಬೆವರು ಅಷ್ಟೇ ಉಳದಿತ್ತು. ನನ್ನ ನೋಡಿ ಎದ್ದು ನಿಂತ. ಬೈತಾನ, ಕೈ ಎತ್ತತಾನ ಅಂದ್ಕಂಡೆ. ಹಂಗ ಆಗಿದ್ರ ನನಗ ಗೊತ್ತಿರೋ ದಾರಿ ಅದು, ಬೈಸಿಕಳ್ಳಾಕ ಬರ್ತೈತಿ ನನಗ. ಅವ ಅಂಗಿ ಜೇಬಿನಿಂದ ಕಾರ್ಡು ತಗದ. ನಾಲ್ಕೂ ಮೂಲಿಗಿ ಮೊಳಿ ಹೊಡದ ತೂತು. ಮ್ಯಾಲ ಅರಿಷಿಣ ಕುಂಕುಮ, ನನ್ನ ಫೋಟೋದ ಹಣಿ ಮ್ಯಾಲೂ ಒಂದು ಬೊಟ್ಟು. ಎರಡನೇ ಸಾಲು ಅಚ್ಚು ಹಾಕಿದಂಗೇ ಇತ್ತು, ಒಂದು ಗೆರಿನೂ ಬಿದ್ದಿರಲಿಲ್ಲ.

"ನಮ್ಮ ಶೆಡ್ಡಿನಾಗ ಓದಾಕ ಬರೋದು ನನಗೊಬ್ಬಗರೀ" ಅಂದ. "ಕಂಬಕ್ಕ ಹೊಡದಿದ್ವಿ. ಸೋಮವಾರ ಸೋಮವಾರ ಕೆಲಸ ಶುರು ಮಾಡೋಕಿಂತ ಮೊದಲು ಕಲ್ಲಿಗಿ ಊದಿನಕಡ್ಡಿ ಹಚ್ಚಿ, ನಾ ಇದನ್ನ ಗಟ್ಟಿಯಾಗಿ ಓದೋದು, ಎಲ್ಲಾರೂ ನನ್ನ ಹಿಂದ ಹೇಳೋದು. ದುರುಗಪ್ಪಗಂತೂ ಮೂರೂ ಸಾಲು ಬಾಯಿಪಾಠ. ಇವತ್ತು ಹಲಗಿ ಕೆಳಗ ಇದ್ದಾಗ ಅವನೇ ನನಗ ಹೇಳಿದ್ನರೀ, 'ಮಾವಾ, ಕಾರ್ಡಿನಾಗ ಹೆಂಗೈತಿ ಹಂಗೇ ಮಾಡು' ಅಂತ."

 

"ಒಂದಕ್ಷರ ಬಿಡದಂಗ ಮಾಡೀವಿ ಅಕ್ಕಾರ" ಅಂದ ಗಾದೆಪ್ಪ. "ಎಲ್ಲಿ ತಪ್ಪಿದ್ವಿ ಹೇಳ್ರಿ. ಇನ್ನೂ ಹನ್ನೊಂದು ಮಂದಿ ಅದಾರ ಅಲ್ಲಿ, ಮುಂದಿನ ಸಲ ತಪ್ಪಬಾರದು."

ಜೇಬಿನಾಗ ಕೈ ಹಾಕಿದೆ, ಆ ಪೆನ್ನು ಸಿಕ್ತು. ಕಾರ್ಡು ಇಸಕಂಡು ಗ್ವಾಡಿಗಿ ಒತ್ತಿ ಎರಡನೇ ಸಾಲು ಹೊಡದೆ. ಮೇಘಾ ಬರದದ್ದನ್ನ ಮಗ್ಗಲಿಗಿ ಬರದೆ. ಗಾದೆಪ್ಪ ಬಗ್ಗಿ, ಬಟ್ಟು ಇಟ್ಕಂತ, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮುಗದ ಮ್ಯಾಲ ಇನ್ನೊಮ್ಮಿ ಮೊದಲಿಂದ ಓದಿದ. ಆಮ್ಯಾಲ ತಲಿ ಎತ್ತಿ ನನ್ನ ನೋಡಿದ.

"ಇದು ನಿಮಗ ಮೊದಲೇ ಗೊತ್ತಿತ್ತ್ರ್ಯಾ?"

"ಗೊತ್ತಿತ್ತು" ಅಂದೆ.

"ಮತ್ಯಾಕ ಬರೀಲಿಲ್ರಿ?"

"ನೀವು ಯಾರೂ ಓದಂಗಿಲ್ಲ ಅಂದ್ಕಂಡಿದ್ದೆ" ಅಂದೆ.